ಕೆಲಸಕ್ಕೆ ಮರಳುವ ಮುನ್ನ: ಕೂಸನ್ನು ಯಾರ ಕೈಗೆ ಕೊಡುವುದು?

ಮಗಳಿಗೆ ಐದು ತಿಂಗಳಾಗಿತ್ತು. ರಜೆ ಮುಗಿಯಲು ಎರಡೇ ವಾರ ಉಳಿದಾಗ ಡೇಕೇರ್ ಹುಡುಕಲು ಹೊರಟೆ. ಮೊದಲು ನೋಡಿದ ಜಾಗದಲ್ಲಿ ಗೋಡೆ ತುಂಬ ಬಣ್ಣದ ಚಿತ್ರಗಳು, ಹೊಸ ಆಟಿಕೆಗಳು, ಬಾಗಿಲಲ್ಲೇ ನಗುಮುಖ. ಇನ್ನೇನು ಬೇಕು ಅಂದುಕೊಂಡು ಸೇರಿಸಿಬಿಟ್ಟೆ. ಮೂರನೇ ದಿನ ಕೆಲಸ ಬೇಗ ಮುಗಿಯಿತು, ಮೊದಲೇ ತಿಳಿಸದೆ ಹೋದೆ. ಒಂಬತ್ತು ಕೂಸುಗಳಿಗೆ ಒಬ್ಬರೇ ಹೆಂಗಸು. ಮಗಳ ಡೈಪರ್ ಒದ್ದೆಯಾಗಿತ್ತು, ಅತ್ತು ಅತ್ತು ಗಂಟಲು ಕಟ್ಟಿತ್ತು. ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರಿಗೆ ಇದ್ದದ್ದು ಎರಡೇ ಕೈ. ನಾನು ಗೋಡೆ ನೋಡಿ ಬಂದಿದ್ದೆ, ಕೈಗಳನ್ನು ಎಣಿಸಿರಲಿಲ್ಲ.

ಅದಕ್ಕೇ ಈ ಲೇಖನ. ಒಂದೊಂದೇ ಹೆಜ್ಜೆ ನೋಡೋಣ.

1. ದಿನ ಹಿಂದಕ್ಕೆ ಎಣಿಸಿ

ಕೆಲಸಕ್ಕೆ ಹೋಗುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ. ಕೊನೆಯ ಎರಡು ವಾರ ಮಗು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಬೇಕು. ಅದಕ್ಕೆ ಮುಂಚಿನ ಎರಡು ಮೂರು ತಿಂಗಳು ಹುಡುಕಾಟಕ್ಕೆ. ತೀರಾ ಚಿಕ್ಕ ಕೂಸುಗಳನ್ನು ಸೇರಿಸಿಕೊಳ್ಳುವ ಕಡೆ ಜಾಗ ಬೇಗ ತುಂಬುತ್ತದೆ. ಸಾಧ್ಯವಾದರೆ ಬಸುರಿನಲ್ಲೇ ವಿಚಾರಿಸಿಡಿ.

2. ಮನೆಯಲ್ಲೋ, ಹೊರಗೋ?

ಅಜ್ಜಿ-ತಾತ ನೋಡಿಕೊಳ್ಳುತ್ತಾರೆ ಅಂದರೆ ಅರ್ಧ ಚಿಂತೆ ಕಡಿಮೆ. ಆದರೆ ಅವರ ಮೊಣಕಾಲು, ಬೆನ್ನು, ನಿದ್ದೆಯ ಬಗ್ಗೆ ಮೊದಲೇ ಕೂತು ಮಾತಾಡಿ. ಪಾಪ, ಆಗುವುದಿಲ್ಲ ಅಂತ ಅವರಾಗಿ ಹೇಳುವುದಿಲ್ಲ. ಮನೆಗೇ ಬರುವ ಆಯಾ ಇದ್ದರೆ ಮಗುವಿಗೆ ಜಾಗ ಬದಲಾಗುವುದಿಲ್ಲ, ಆದರೆ ಅವರಿಗೆ ಹುಷಾರು ತಪ್ಪಿದ ದಿನ ನಿಮಗೂ ರಜೆ. ಡೇಕೇರ್‌ನಲ್ಲಿ ಒಬ್ಬರು ಬರದಿದ್ದರೆ ಇನ್ನೊಬ್ಬರಿರುತ್ತಾರೆ. ಅಲ್ಲಿ ಮಕ್ಕಳು ಜಾಸ್ತಿ ಇರುವುದರಿಂದ ಮೊದಲ ವರ್ಷ ನೆಗಡಿ, ಕೆಮ್ಮು, ಜ್ವರ ಪದೇಪದೇ ಬರುತ್ತವೆ. ಯಾವುದನ್ನೇ ಆರಿಸಿ, 'ಅದು ಕೈಕೊಟ್ಟ ದಿನ ಯಾರು?' ಎನ್ನುವುದಕ್ಕೆ ಒಂದು ಹೆಸರು ಬರೆದಿಟ್ಟುಕೊಳ್ಳಿ.

3. ನೋಡಲು ಹೋದಾಗ ಸುಮ್ನೆ ಕೂತಿರಿ

ಇದೇ ಮುಖ್ಯ ಹೆಜ್ಜೆ. ಕನಿಷ್ಠ ಎರಡು ಸಲ ಹೋಗಿ. ಒಂದು ಸಲ ಹೇಳಿ, ಇನ್ನೊಂದು ಸಲ ಹೇಳದೆ. ಹಾಲು ಕುಡಿಸುವ ಅಥವಾ ಮಲಗಿಸುವ ಹೊತ್ತಿಗೆ ಹೋದರೆ ಒಳ್ಳೆಯದು. ಗಡಿಬಿಡಿ ಇರುವುದು ಆಗಲೇ.

ಮೊದಲು ತಲೆ ಎಣಿಸಿ. ಒಂದು ವರ್ಷದೊಳಗಿನ 3 ಕೂಸುಗಳಿಗೆ ಒಬ್ಬರು ಇರಬೇಕು ಎನ್ನುವುದು ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ ಸಲಹೆ. ನಾಲ್ಕಾದರೂ ಕಷ್ಟ, ಅಲ್ವಾ? ಬೆಂಕಿ ಬಿದ್ದರೆ ಒಬ್ಬರು ಎಷ್ಟು ಕೂಸುಗಳನ್ನು ಎತ್ತಿಕೊಂಡು ಓಡಬಹುದು ಅಂತ ಯೋಚಿಸಿ ನೋಡಿ.

ಆಮೇಲೆ ಒಂದು ಕೂಸು ಅಳುವವರೆಗೆ ಕಾಯಿರಿ. ಎಷ್ಟು ಹೊತ್ತಿಗೆ ಯಾರು ಬಂದರು? ಎತ್ತಿಕೊಂಡು ಮುಖ ನೋಡಿ ಮಾತಾಡಿಸಿದರಾ, ಬಾಯಿಗೆ ಬಾಟಲಿ ಇಟ್ಟು ಹೋದರಾ? ಹೆಸರು ಹಿಡಿದು ಕರೆಯುತ್ತಾರಾ? ನಿಮ್ಮ ಜೊತೆ ಮಾತಾಡುವಾಗಲೂ ಅವರ ಒಂದು ಕಣ್ಣು ಮಕ್ಕಳ ಮೇಲಿದ್ದರೆ ಅದು ಒಳ್ಳೆಯ ಲಕ್ಷಣ.

ಮಲಗಿಸುವ ರೀತಿಯನ್ನು ಕಣ್ಣಾರೆ ನೋಡಲೇಬೇಕು. ಕೂಸನ್ನು ಅಂಗಾತ ಮಲಗಿಸಬೇಕು. ಹಾಸಿಗೆ ಗಟ್ಟಿಯಾಗಿ, ಸಮವಾಗಿರಬೇಕು. ಒಂದು ವರ್ಷದವರೆಗೆ ದಿಂಬು, ದಪ್ಪ ಹೊದಿಕೆ, ಮೆತ್ತನೆಯ ಬೊಂಬೆ ಯಾವುದೂ ಬೇಡ. ಅಮೆರಿಕದಲ್ಲಿ 1994ರಲ್ಲಿ 'ಅಂಗಾತ ಮಲಗಿಸಿ' ಎಂಬ ಅಭಿಯಾನ ಶುರುವಾದ ಮೇಲೆ, ಕಾರಣ ತಿಳಿಯದೆ ನಿದ್ದೆಯಲ್ಲೇ ಕೂಸು ತೀರಿಕೊಳ್ಳುವ ಪ್ರಕರಣಗಳು ಸುಮಾರು ಅರ್ಧಕ್ಕೆ ಇಳಿದವು. ಮನೆಯಲ್ಲಿ ಅಂಗಾತ ಮಲಗಿ ರೂಢಿಯಾದ ಕೂಸನ್ನು ಬೇರೆ ಕಡೆ ಬೋರಲು ಮಲಗಿಸಿದರೆ ಅಪಾಯ ಇನ್ನೂ ಜಾಸ್ತಿ. ಅಜ್ಜಿ "ನಮ್ಮ ಕಾಲದಲ್ಲಿ ಬೋರಲೇ ಮಲಗಿಸ್ತಿದ್ವಿ" ಅಂದರೂ ಇದೊಂದು ವಿಷಯದಲ್ಲಿ ಸಂಕೋಚ ಬೇಡ. ಕೈ ಹಿಡಿದು, ಮೆಲ್ಲಗೆ, ಆದರೆ ಖಂಡಿತವಾಗಿ ಹೇಳಿ.

ಡೈಪರ್ ಬದಲಿಸಿದ ಮೇಲೆ ಪ್ರತಿ ಸಲ ಸೋಪು ಹಾಕಿ ಕೈ ತೊಳೆಯುತ್ತಾರಾ ನೋಡಿ. ಟಿವಿ ಓಡುತ್ತಿದ್ದರೆ ನಾನಂತೂ ಎದ್ದು ಬರುತ್ತೇನೆ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

4. ಕೇಳಲೇಬೇಕಾದ ಪ್ರಶ್ನೆಗಳು

ಕೂಸಿನ ಉಸಿರು ಕಟ್ಟಿದರೆ ಏನು ಮಾಡುತ್ತೀರಿ, ಅದಕ್ಕೆ ತರಬೇತಿ ಆಗಿದೆಯಾ? ಜ್ವರ ಬಂದರೆ ನಮಗೆ ಯಾವಾಗ ಫೋನ್ ಮಾಡುತ್ತೀರಿ? ಇಲ್ಲಿ ಕೆಲಸ ಮಾಡುವವರು ಎಷ್ಟು ದಿನದಿಂದ ಇದ್ದಾರೆ? ತಿಂಗಳಿಗೊಬ್ಬರು ಬದಲಾದರೆ ಕೂಸಿಗೆ ಯಾರೂ ತನ್ನವರಾಗುವುದಿಲ್ಲ.

ಒಂದು ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ: "ಮಗು ಒಂದು ಗಂಟೆ ರಚ್ಚೆ ಹಿಡಿದರೆ ನೀವು ಏನು ಮಾಡ್ತೀರಿ?" "ನಮ್ಮಲ್ಲಿ ಯಾವ ಮಗೂ ಅಳೋದಿಲ್ಲ" ಎಂಬ ಉತ್ತರ ನನಗೆ ನಂಬಿಕೆ ಕೊಡುವುದಿಲ್ಲ. "ಸುಸ್ತಾಗುತ್ತೆ, ಆಗ ಇನ್ನೊಬ್ಬರ ಕೈಗೆ ಕೊಡ್ತೀನಿ" ಅಂದವರನ್ನು ನಂಬುತ್ತೇನೆ. ಸಹನೆ ಕಳೆದುಕೊಂಡು ಕೂಸನ್ನು ಜೋರಾಗಿ ಅಲುಗಾಡಿಸಿದರೆ ಮೆದುಳಿಗೆ ಪೆಟ್ಟಾಗುತ್ತದೆ, ಜೀವವೇ ಹೋಗಬಹುದು. ಇದು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಮನೆಯವರಿಗೂ.

5. ಹಾಲಿನ ವ್ಯವಸ್ಥೆ

ಕೆಲಸಕ್ಕೆ ಹೋಗುವುದಕ್ಕೆ ಮೂರ್ನಾಲ್ಕು ವಾರ ಮೊದಲೇ ಬಾಟಲಿ ಅಥವಾ ಲೋಟದಲ್ಲಿ ಎದೆಹಾಲು ಕುಡಿಸಿ ಅಭ್ಯಾಸ ಮಾಡಿಸಿ. ಅಮ್ಮ ಕೊಟ್ಟರೆ ಕೆಲವು ಕೂಸುಗಳು ಬಾಟಲಿ ಮುಟ್ಟುವುದಿಲ್ಲ, ಬೇರೆಯವರು ಕೊಡಲಿ. ಹಿಂಡಿದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಸೆಕೆ ಜಾಸ್ತಿ ಇದ್ದರೆ ಹೊರಗಿಡಲೇಬೇಡಿ. ಕೂಸು ಕುಡಿದು ಬಿಟ್ಟ ಹಾಲನ್ನು 2 ಗಂಟೆ ಆದ ಮೇಲೆ ಚೆಲ್ಲಬೇಕು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬಾರದು, ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬಾಯಿ ಸುಡುವಷ್ಟು ಕಾಯುತ್ತದೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ. ಬಾಟಲಿ ಮೇಲೆ ಹೆಸರು, ದಿನಾಂಕ ಇರಲಿ.

6. ಕೊನೆಯ ಎರಡು ವಾರ

ಮೊದಲ ದಿನ ಒಂದು ಗಂಟೆ, ನೀವೂ ಜೊತೆಗಿರಿ. ಆಮೇಲೆ ಎರಡು ಗಂಟೆ, ಅರ್ಧ ದಿನ, ಪೂರ್ತಿ ದಿನ. ನೀವು ಉಟ್ಟು ಬಿಟ್ಟ ಮೆತ್ತನೆಯ ಬಟ್ಟೆಯೊಂದನ್ನು ಕೊಟ್ಟರೆ ಎತ್ತಿಕೊಂಡಿರುವಾಗ ಅದರ ವಾಸನೆಗೆ ಕೂಸು ಸಮಾಧಾನವಾಗಬಹುದು. ಮಲಗಿಸುವಾಗ ಅದನ್ನು ತೆಗೆದಿಡಲು ಹೇಳಿ.

ಸುಮಾರು 8 ತಿಂಗಳ ಹೊತ್ತಿಗೆ ಕೂಸಿಗೆ ಅಮ್ಮ ಕಣ್ಣಿಂದ ಮರೆಯಾದರೆ ಭಯ ಶುರುವಾಗುತ್ತದೆ. ಅಲ್ಲಿವರೆಗೆ ನಗುತ್ತಾ ಹೋಗುತ್ತಿದ್ದ ಕೂಸು ಒಂದು ದಿನ ಇದ್ದಕ್ಕಿದ್ದಂತೆ ನಿಮ್ಮ ಕತ್ತು ಬಿಡದೆ ಅಳುತ್ತದೆ. ಜಾಗ ಕೆಟ್ಟದು ಅಂತ ತಕ್ಷಣ ತೀರ್ಮಾನ ಮಾಡಬೇಡಿ, ಅದು ಬೆಳವಣಿಗೆಯ ಒಂದು ಹಂತ. ಕದ್ದು ಹೊರಡಬೇಡಿ. ಮುತ್ತು ಕೊಟ್ಟು, ಸಂಜೆ ಬರುತ್ತೇನೆ ಅಂತ ಹೇಳಿ, ಹೊರಡಿ.

ಆದರೆ ವಾರಗಟ್ಟಲೆ ಮಗು ಮಂಕಾಗಿದ್ದರೆ, ಹಾಲು ಬಿಟ್ಟರೆ, ಮೈಮೇಲೆ ಕಾರಣ ಹೇಳಲಾಗದ ಗಾಯ ಕಂಡರೆ, ಹೇಳದೆ ಹೋದ ದಿನ ಒಳಗೆ ಬಿಡದಿದ್ದರೆ ಬಿಡಿಸಿಬಿಡಿ. ಕಟ್ಟಿದ ಹಣ ಹೋದರೂ ಹೋಗಲಿ. ನಾನು ನಾಲ್ಕನೇ ದಿನವೇ ಬಿಡಿಸಿ, ಇನ್ನೂ ಮೂರು ವಾರ ರಜೆ ಕೇಳಿ ಪಡೆದು ಮತ್ತೆ ಹುಡುಕಿದೆ. ಎರಡನೇ ಜಾಗದಲ್ಲಿ ಗೋಡೆಯ ಬಣ್ಣ ಸುಲಿದಿತ್ತು. ಐದು ಕೂಸುಗಳಿಗೆ ಇಬ್ಬರಿದ್ದರು.