ಅಧ್ಯಕ್ಷರಿಲ್ಲದ ಕ್ಲಬ್ಬು, ಹನ್ನೊಂದು ಕೀಲಿ

ಉದ್ಘಾಟನೆಗೆ ಇನ್ನೂರು ಜನ, ಎರಡನೇ ಸಭೆಗೆ ಮೂವತ್ತು, ನಾಲ್ಕನೆಯದಕ್ಕೆ ನಾನು ಮತ್ತು ನನ್ನ ರೂಮ್‌ಮೇಟು. ಕ್ಯಾಂಪಸ್ಸಿನಲ್ಲಿ ಯಾವುದೇ ಕ್ಲಬ್ಬು ಕಟ್ಟಿದವರಿಗೆ ಈ ಇಳಿಲೆಕ್ಕ ಗೊತ್ತೇ ಇರುತ್ತದೆ. ನಮ್ಮ ಖಗೋಳ ಕ್ಲಬ್ಬು ಹೀಗೆ ಎರಡು ಸಲ ಸತ್ತಿತು. ಮೂರನೇ ಸಲ ಕಟ್ಟಿದ್ದಕ್ಕೆ ಈಗ ಐದನೇ ವರ್ಷ. "ಮೂರು ತಿಂಗಳು ನಡೆದರೆ ನನ್ನ ಹೆಸರು ಬದಲಾಯಿಸ್ಕೋತೀನಿ" ಎಂದಿದ್ದ ಗೆಳೆಯ ಈಗ ಬೇರೊಂದು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾನೆ. ಹೆಸರೇನೂ ಬದಲಾಗಿಲ್ಲ, ಆದರೆ ಮೊನ್ನೆ ಫೋನ್ ಮಾಡಿ "ಹೇಗೆ ಮಾಡಿದ್ಯೋ, ಸ್ವಲ್ಪ ಬರೆದು ಕಳಿಸು" ಎಂದ. ಅವನಿಗೆ ಬರೆದದ್ದನ್ನೇ ತುಸು ತಿದ್ದಿದ್ದೇನೆ. ಕಾಲಿಮೇಷನ್ ಮಾಡುವುದು (ಟೆಲಿಸ್ಕೋಪಿನ ಕನ್ನಡಿಗಳನ್ನು ಒಂದೇ ನೇರಕ್ಕೆ ತರುವುದು), ಫೈಂಡರ್ (ಗುರಿ ಹಿಡಿಯುವ ಪುಟ್ಟ ದುರ್ಬೀನು) ಹೊಂದಿಸುವುದು, ಅನುದಾನಕ್ಕೆ ಅರ್ಜಿ ಬರೆಯುವುದು, ಇವೆಲ್ಲ ಬಲ್ಲವರಿಗೆ ಇದು.

ಮೊದಲ ಸಾವಿಗೆ ಕಾರಣ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದು. ಹದಿನಾಲ್ಕು ಜನ ಸೇರಿ ಒಂಬತ್ತು ಹುದ್ದೆ ಮಾಡಿಕೊಂಡೆವು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಖಜಾಂಚಿ, ಹೀಗೆ ಪಟ್ಟಿ ಹೋಗುತ್ತದೆ. ನಾನು ಕಾರ್ಯದರ್ಶಿ. ನಿಯಮಾವಳಿಯೇ ಏಳು ಪುಟ. ಲಾಂಛನದಲ್ಲಿ ಶನಿಯ ಬಳೆ ಎಡಕ್ಕೆ ವಾಲಬೇಕೋ ಬಲಕ್ಕೋ ಎಂದು ಎರಡು ಸಂಜೆ ಜಗಳ. ಅಷ್ಟರಲ್ಲಿ ಅನುದಾನ ಬಂತು. ಅದರ ಐದರಲ್ಲಿ ಎರಡು ಪಾಲು ಟೀ ಶರ್ಟಿಗೂ ಬ್ಯಾನರಿಗೂ ಹೋಯಿತು. ಯಾರಿಂದಲೂ ಮುಂಗಡ ತೆಗೆದುಕೊಳ್ಳದೆ ಅರವತ್ತು ಟೀ ಶರ್ಟ್ ಮಾಡಿಸಿದ ಬುದ್ಧಿವಂತರು ನಾವು. ಇಪ್ಪತ್ತೆರಡೋ ಇಪ್ಪತ್ತಮೂರೋ ಹೋದವು. ಉಳಿದ ದುಡ್ಡಿನಲ್ಲಿ, ಪೆಟ್ಟಿಗೆಯ ಮೇಲೆ '525 ಪಟ್ಟು' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದ 60 ಮಿ.ಮೀ. ಟೆಲಿಸ್ಕೋಪ್ ಕೊಂಡೆವು. ಬಲ್ಲವರು ಇಷ್ಟು ಕೇಳಿಯೇ ನಗುತ್ತಾರೆ. ಅಷ್ಟು ಸಣ್ಣ ಮಸೂರಕ್ಕೆ ನೂರಿಪ್ಪತ್ತು ಪಟ್ಟು ದಾಟಿದರೆ ಕಾಣುವುದು ಬರೀ ಮಸುಕು. ಮುಕ್ಕಾಲಿಯಂತೂ, ಪಕ್ಕದಲ್ಲಿ ಯಾರಾದರೂ ನಡೆದರೆ ಸಾಕು, ಚಂದ್ರ ಕುಣಿಯುತ್ತಿದ್ದ.

ಎರಡನೇ ಸಲ ಜಾಣರಾದೆವು ಅಂದುಕೊಂಡೆವು. ಸದಸ್ಯತ್ವ ಶುಲ್ಕ ಇಟ್ಟೆವು, ದುಡ್ಡು ಕೊಟ್ಟವರು ಬಂದೇ ಬರುತ್ತಾರೆ ಎಂಬ ಲೆಕ್ಕ. ನೂರನಲವತ್ತು ಜನ ಕಟ್ಟಿದರು. ಕಟ್ಟಿದವರು ಬರಲಿಲ್ಲ, ಆದರೆ "ನಮ್ಮ ದುಡ್ಡಲ್ಲಿ ಏನು ಮಾಡಿದ್ರಿ?" ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ನಾನೂರು ಮಂದಿ, ಅದರಲ್ಲಿ ಆಕಾಶದ ಮಾತು ನೂರಕ್ಕೆ ಐದು. ವರ್ಷದ ಕೊನೆಗೆ ಸಭಾಂಗಣ ಹಿಡಿದು ದೊಡ್ಡ ಉತ್ಸವ ಮಾಡಿದೆವು. ಎರಡು ತಿಂಗಳು ನಿದ್ದೆಗೆಟ್ಟು ಮಾಡಿದ ಉತ್ಸವ ಚೆನ್ನಾಗಿಯೇ ಆಯಿತು. ಆದರೆ ಮರುದಿನದಿಂದ ಯಾರಿಗೂ ಒಬ್ಬರ ಮುಖ ಒಬ್ಬರು ನೋಡುವ ಉತ್ಸಾಹ ಇರಲಿಲ್ಲ. ಅಧ್ಯಕ್ಷ ಕೊನೆಯ ವರ್ಷದವನು. ಪರೀಕ್ಷೆ ಮುಗಿಸಿ ಹೊರಟ. ಅವನ ಬ್ಯಾಗಿನಲ್ಲಿ ನಮ್ಮ ಬೀರುವಿನ ಕೀಲಿಯೂ ಹೊರಟಿತು. ನಾಲ್ಕು ತಿಂಗಳು ಟೆಲಿಸ್ಕೋಪ್ ಬೀರುವಿನೊಳಗೇ ಕೂತಿತ್ತು. ಅಷ್ಟು ದಿನ ಯಾರೂ ಅದನ್ನು ಕೇಳಲೇ ಇಲ್ಲ ಎನ್ನುವುದು ನನಗೆ ಹೆಚ್ಚು ಚುಚ್ಚಿತು.

ಬೀಗ ಒಡೆಸಿದ ದಿನವೇ ತಲೆಗೆ ಒಂದು ಹುಳ ಹೊಕ್ಕಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ಶುರುವಾದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನ ಕಥೆ ಕೇಳಿರುತ್ತೀರಿ, ಆಟಿಕೆ ರೈಲು ಓಡಿಸಲು ಸೇರಿದ ಹುಡುಗರು ಕೊನೆಗೆ ಕಂಪ್ಯೂಟರ್ ಹುಚ್ಚರಾದದ್ದು. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ ಸಂಗತಿ. ನಲವತ್ತು ಗಂಟೆ ಕೆಲಸ ಮಾಡಿದವರಿಗೆ ಅವರು ಕೋಣೆಯ ಕೀಲಿ ಕೊಡುತ್ತಿದ್ದರಂತೆ. ಚುನಾವಣೆಯಿಲ್ಲ, ಸಂದರ್ಶನವಿಲ್ಲ. ನಾನು ಅದನ್ನೇ ಇಳಿಸಿಕೊಂಡೆ: ಹತ್ತು ಬುಧವಾರ ಬಂದು ಟೆಲಿಸ್ಕೋಪಿನ ಪಕ್ಕ ನಿಂತವರಿಗೆ ಬೀರುವಿನ ಕೀಲಿ. ಮೊದಲ ವರ್ಷದವರಾದರೂ ಸರಿ. ಕೊನೆಯ ವರ್ಷಕ್ಕೆ ಕಾಲಿಟ್ಟ ದಿನ ಕೀಲಿ ವಾಪಸ್. ಈ ಎರಡನೇ ಅರ್ಧವೇ ಮುಖ್ಯ, ಅದಕ್ಕೇ ಎಲ್ಲಕ್ಕಿಂತ ಹೆಚ್ಚು ವಿರೋಧ ಬಂದದ್ದು. "ಅನುಭವ ಇರೋರನ್ನೇ ಹೊರಗೆ ಹಾಕ್ತೀಯಾ?" ಎಂದರು. ಹೊರಗೆ ಹಾಕುವುದಿಲ್ಲ, ಬರಬಹುದು, ಸಾಲಿನಲ್ಲಿ ನಿಂತು ನೋಡಬಹುದು. ಬೀರು ತೆಗೆಯುವವರು ಮಾತ್ರ ಬೇರೆ.

ಟೆಲಿಸ್ಕೋಪ್ ಮಾತ್ರ ಈ ಸಲ ಸರಿಯಾದದ್ದು ತಂದೆವು. ಎಂಟು ಇಂಚಿನ ಕನ್ನಡಿಯ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೂತು ಕೈಯಲ್ಲೇ ತಿರುಗಿಸುವ ಟೆಲಿಸ್ಕೋಪ್, ನಾಭಿದೂರ 1200 ಮಿ.ಮೀ. ಎರಡು ವರ್ಷದ ಅನುದಾನ ಪೂರ್ತಿ ಅದಕ್ಕೇ ಹೋಯಿತು. ಒಂದು ವರ್ಷದ ದುಡ್ಡನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಲು ಕಚೇರಿ ಬಿಡುವುದಿಲ್ಲ, ಖರ್ಚಾಗದ ದುಡ್ಡು ವಾಪಸ್ ಹೋಗುತ್ತದೆ. ಅದನ್ನು ಹೇಗೆ ದಾಟಿದೆವು ಎಂಬುದನ್ನು ಬರೆಯಲಾರೆ, ಅಕ್ರಮವೇನೂ ಅಲ್ಲ, ಆದರೆ ಬರೆದರೆ ಮುಂದಿನ ವರ್ಷ ಆ ದಾರಿ ಮುಚ್ಚುತ್ತಾರೆ. ಮೂರು ಕೊಟೇಷನ್ ವರ್ಷವಿಡೀ ಫೈಲಿನಲ್ಲಿ ಸಿದ್ಧವಾಗಿರಲಿ, ಅಷ್ಟು ಹೇಳುತ್ತೇನೆ. ದುಡ್ಡು ಬಿಡುಗಡೆಯಾಗುವುದು ಯಾವಾಗಲೂ ಕೊನೇ ವಾರದಲ್ಲೇ.

ಇನ್ನು ಜಾಗ. ಮೊದಲೆರಡು ಸಲ ಟೆರೇಸ್ ಮೇಲೆ ನಡೆಸಿದ್ದೆವು. ಕತ್ತಲೆ ಚೆನ್ನಾಗಿತ್ತು, ಜನ ಇರಲಿಲ್ಲ. ನಾಲ್ಕು ಮಹಡಿ ಹತ್ತುವವನು ಮೊದಲೇ ಆಸಕ್ತಿ ಇರುವವನು. ನಮಗೆ ಬೇಕಿದ್ದವನು ಆಸಕ್ತಿ ಇದೆ ಎಂದು ತನಗೇ ಗೊತ್ತಿಲ್ಲದವನು. 1968ರಲ್ಲಿ, ನಮ್ಮ ಡಾಬ್ಸೋನಿಯನ್‌ಗೆ ಹೆಸರು ಕೊಟ್ಟ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ಕಾಲುದಾರಿಗಳಲ್ಲಿ ಶುರು ಮಾಡಿದ್ದೂ ಇದನ್ನೇ, ಜನ ಓಡಾಡುವಲ್ಲಿಗೆ ಟೆಲಿಸ್ಕೋಪ್ ಒಯ್ಯುವುದು. ನಾವು ಗ್ರಂಥಾಲಯದ ಮೆಟ್ಟಿಲ ಕೆಳಗೆ ಇಳಿದೆವು. ಬುಧವಾರ, ರಾತ್ರಿ ಎಂಟೂವರೆ. ಪೋಸ್ಟರ್ ಇಲ್ಲ, ವಾಟ್ಸಾಪ್ ಇಲ್ಲ, ಭಾಷಣ ಇಲ್ಲ.

"ದೀಪದ ಕೆಳಗೆ ಏನು ಮಣ್ಣು ಕಾಣುತ್ತೆ?" ಎಂದು ಭೌತಶಾಸ್ತ್ರದವರೇ ನಕ್ಕರು. ಮೊದಲ ರಾತ್ರಿ ನಿಜಕ್ಕೂ ಯಾರೂ ನಿಲ್ಲಲಿಲ್ಲ. ಒಂಬತ್ತೂಕಾಲಿಗೆ ಗಸ್ತು ತಿರುಗುವ ಸೆಕ್ಯುರಿಟಿ ಅಣ್ಣ ಬಂದು ಕೊಳವೆಯ ಸುತ್ತ ಒಂದು ಸುತ್ತು ಹಾಕಿದರು.

"ಏನ್ ಸಾರ್ ಇದು, ಫಿರಂಗಿನಾ?"

"ಇಲ್ಲಣ್ಣ, ಬನ್ನಿ, ಶನಿ ನೋಡಿ."

ಶನಿ ಎಂದೊಡನೆ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಟೋಪಿ ತೆಗೆದು ಬಗ್ಗಿದರು. ಹತ್ತು ಸೆಕೆಂಡು ಮಾತಿಲ್ಲ. ತಲೆ ಎತ್ತಿ ಕೊಳವೆಯ ತುದಿಗೆ ಹೋಗಿ ಒಳಗೆ ಇಣುಕಿದರು. "ಒಳಗಡೆ ಚಿತ್ರ ಅಂಟಿಸಿದ್ದೀರಾ?" ನಾನು ಕೊಳವೆಯನ್ನು ಬೆರಳಲ್ಲಿ ಒಂಚೂರು ತಳ್ಳಿದೆ, "ಈಗ ನೋಡಿ" ಎಂದೆ. ಶನಿ ಜಾರಿ ಮರೆಯಾಗಿತ್ತು. ಮತ್ತೆ ತಂದು ನಿಲ್ಲಿಸಿದೆ. ಅವರು ಏನೂ ಹೇಳದೆ ವಾಕಿಟಾಕಿ ತೆಗೆದು ಹಿಂದಿನ ಗೇಟಿನವರನ್ನು ಕರೆದರು. ಮುಂದಿನ ಬುಧವಾರ ಗ್ರಂಥಾಲಯದಿಂದ ಹೊರಬಂದವರನ್ನೆಲ್ಲ ತಡೆದು "ನೋಡ್ಕೊಂಡು ಹೋಗಿ" ಎನ್ನುತ್ತಿದ್ದವರು ಅವರೇ. ನಮ್ಮ ಪ್ರಚಾರ ವಿಭಾಗ ಎಂದರೆ ಇಷ್ಟೇ. ತಲೆಯ ಮೇಲಿನ ದೀಪವೂ ಈಗ ಎಂಟೂವರೆಗೆ ಸರಿಯಾಗಿ ಆರುತ್ತದೆ. ಹೇಗೆ ಎಂದು ಕೇಳಬೇಡಿ.

ದಿನದ ಬಗ್ಗೆ ತಕರಾರಿತ್ತು. ಚಂದ್ರನನ್ನು ನೋಡಿ ದಿನ ಇಡಬೇಕು, ವಾರ ನೋಡಿ ಅಲ್ಲ ಎಂದು ಬಲ್ಲವರು ಹೇಳಿದರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ, ಆದ್ದರಿಂದ ಬುಧವಾರಕ್ಕೂ ಚಂದ್ರನಿಗೂ ಹೊಂದಿಕೆಯಾಗುವುದಿಲ್ಲ, ನಿಜ. ಆದರೆ ಜನಕ್ಕೆ ನೆನಪಿರುವುದು ಬುಧವಾರ, ಶುಕ್ಲಪಕ್ಷದ ಅಷ್ಟಮಿ ಅಲ್ಲ. ನಾಲ್ಕು ಬುಧವಾರದಲ್ಲಿ ಹೆಚ್ಚುಕಡಿಮೆ ಎರಡಕ್ಕೆ ಸಂಜೆಯ ಚಂದ್ರ ಸಿಕ್ಕೇ ಸಿಗುತ್ತಾನೆ. ಉಳಿದೆರಡಕ್ಕೆ ಗ್ರಹ ಇದ್ದರೆ ಗ್ರಹ, ಇಲ್ಲದಿದ್ದರೆ ಜೋಡಿ ನಕ್ಷತ್ರ. ಊರ ಬೆಳಕಿನಲ್ಲಿ ನೀಹಾರಿಕೆ ಸಾಯುತ್ತದೆ, ಜೋಡಿ ನಕ್ಷತ್ರ ಸಾಯುವುದಿಲ್ಲ. ರಾಜಹಂಸ ಪುಂಜದ ಆಲ್ಬಿರಿಯೊ ತೋರಿಸಿ "ಎರಡರ ಬಣ್ಣ ಹೇಳಿ" ಎನ್ನಿ, ಸಾಲಿನಲ್ಲಿ ಜಗಳವೇ ಹತ್ತುತ್ತದೆ. ಒಬ್ಬರಿಗೆ ಚಿನ್ನ ಮತ್ತು ನೀಲಿ, ಇನ್ನೊಬ್ಬರಿಗೆ ಕಿತ್ತಳೆ ಮತ್ತು ಹಸಿರು. ಜಗಳ ಆಡಿದವರು ಮುಂದಿನ ವಾರ ಗೆಳೆಯರನ್ನು ಸಾಕ್ಷಿಗೆ ಕರೆತರುತ್ತಾರೆ.

ಒಂದು ತಪ್ಪು ತಿಂಗಳುಗಟ್ಟಲೆ ಮಾಡಿದೆವು. 10 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ, ಅದರ ಅಂಕಿ ಸಣ್ಣದಾದಷ್ಟೂ ನೋಟ ದೊಡ್ಡದು) ಹಾಕಿ 120 ಪಟ್ಟಿನಲ್ಲಿ ತೋರಿಸುತ್ತಿದ್ದೆವು, ದೊಡ್ಡದಾಗಿ ಕಂಡರೆ ಖುಷಿಯಲ್ಲವೇ ಎಂದು. ಭೂಮಿ ತಿರುಗುವ ರಭಸಕ್ಕೆ ಒಂದೂವರೆ ನಿಮಿಷದಲ್ಲಿ ಗ್ರಹ ಆಚೆ. ಮೂರನೆಯವರು ಬಗ್ಗುವಷ್ಟರಲ್ಲಿ ಖಾಲಿ ಕಪ್ಪು. ಪಾಪ, ಅವರು ಸಂಕೋಚಕ್ಕೆ "ಹ್ಞೂಂ, ಚೆನ್ನಾಗಿದೆ" ಎಂದು ಹೋಗಿಬಿಡುತ್ತಿದ್ದರು! ಇದು ತಿಳಿದದ್ದೇ ಒಬ್ಬ ಹುಡುಗಿ ನೇರವಾಗಿ "ಏನೂ ಕಾಣ್ತಿಲ್ಲ ಅಣ್ಣ" ಎಂದಾಗ. 25 ಮಿ.ಮೀ.ಗೆ ಇಳಿದೆವು, 48 ಪಟ್ಟು. ಸಣ್ಣದಾದರೂ ಚೊಕ್ಕ, ನಾಲ್ಕು ನಿಮಿಷದವರೆಗೆ ಜಾಗದಲ್ಲಿರುತ್ತದೆ. ನೋಡುವವರು ಕೈ ಹಿಂದೆ ಕಟ್ಟಿಕೊಳ್ಳಬೇಕು, ಇದೊಂದೇ ನಮ್ಮ ನಿಯಮಾವಳಿ. ಆ ಹುಡುಗಿಗೆ ಆ ವರ್ಷದ ಎರಡನೇ ಕೀಲಿ ಹೋಯಿತು.

ಲೆಕ್ಕ ಹೇಳುವುದಾದರೆ, ವರ್ಷಕ್ಕೆ ನಲವತ್ತರ ಆಸುಪಾಸು ಬುಧವಾರ, ಆಕಾಶ ತಿಳಿಯಾಗಿ ಸಿಗುವುದು ಇಪ್ಪತ್ತೈದು. ರಾತ್ರಿಗೆ ಮೂವತ್ತೈದು ನಲವತ್ತು ಜನ. ಮೋಡ ಇದ್ದರೂ ಅರ್ಧ ಗಂಟೆ ನಿಲ್ಲುತ್ತೇವೆ, ಅದೂ ಹತ್ತರ ಲೆಕ್ಕಕ್ಕೆ ಸೇರುತ್ತದೆ. ಒಮ್ಮೆ ಸತತ ಐದು ಬುಧವಾರ ಮೋಡ. ಐದೂ ವಾರ ಟೆಲಿಸ್ಕೋಪ್ ಹೊತ್ತು ತಂದು, ಎದುರಿನ ಕಟ್ಟಡದ ಮಿಂಚುತಡೆ ಕಂಬಿಯ ತುದಿ ತೋರಿಸಿದ ಇಬ್ಬರು ಹುಡುಗರು ಇವತ್ತಿಗೂ ನನ್ನ ಹೆಮ್ಮೆ. 2025ರಲ್ಲಿ ಶನಿಯ ಬಳೆ ನಮಗೆ ಅಂಚಾಗಿ ತಿರುಗಿ ಗೆರೆಯಷ್ಟಾಯಿತು. "ಬಳೆ ಎಲ್ಲಿ?" ಎಂದು ದೂರುಗಳು. ಉಂಡೆಗೆ ಸೂಜಿ ಚುಚ್ಚಿದ ಹಾಗೆ ಕಾಣುವ ಶನಿಯನ್ನು ಮಾರುವುದು ಕಷ್ಟ, ಆದರೆ ಹದಿನೈದು ವರ್ಷಕ್ಕೊಮ್ಮೆ ಸಿಗುವ ನೋಟ ಎಂದರೆ ಜನ ಸಾಲು ಬಿಡುವುದಿಲ್ಲ.

ಕಚೇರಿಗೆ ಅಧ್ಯಕ್ಷರು ಬೇಕು, ಅರ್ಜಿಯಲ್ಲಿ ಆ ಖಾನೆ ಖಾಲಿ ಬಿಡುವಂತಿಲ್ಲ. ಕೀಲಿ ಇರುವವರ ಪಟ್ಟಿಯನ್ನು ಅಕಾರಾದಿಯಾಗಿ ಬರೆದು ಮೊದಲ ಹೆಸರು ಹಾಕುತ್ತೇವೆ. ಒಬ್ಬ ಹುಡುಗ ತಾನು ಆರು ತಿಂಗಳು ಅಧ್ಯಕ್ಷನಾಗಿದ್ದೆ ಎಂದು ತಿಳಿದದ್ದು ಅವಧಿ ಮುಗಿದ ಮೇಲೆ.

ನಡುವೆ ದಾರಿ ತಪ್ಪಿದ್ದೂ ಉಂಟು. ಟೆಲಿಸ್ಕೋಪಿಗೆ ಆರು ಇಂಚಿನ ಕನ್ನಡಿ ನಾವೇ ಉಜ್ಜುತ್ತೇವೆ ಎಂದು ಹೊರಟೆವು. ಎಂಬತ್ತರ ಕಾರ್ಬೊರಂಡಮ್, ಅಂದರೆ ಗಾಜು ಉಜ್ಜುವ ಒರಟು ಪುಡಿಯಿಂದ ಶುರು, ಕುಳಿಯ ಆಳ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಬಂದರೆ ಸಾಕು, ಮೂರು ವಾರದಲ್ಲಿ ಬಂತು. ನುಣುಪಿನ ಹಂತಕ್ಕೆ ಬರುವಾಗ ಯಾರದೋ ತೋಳಿನ ಮಡಿಕೆಯಲ್ಲಿ ಉಳಿದಿದ್ದ ಒಂದೇ ಒಂದು ದಪ್ಪ ಕಣ ಬಿತ್ತು. ಸರ್ರ್ ಎಂದ ಆ ಸದ್ದು ಕೇಳಿದವರಿಗೇ ಗೊತ್ತು. ಈ ಕಡೆಯಿಂದ ಆ ಕಡೆಗೆ ಗೀರು. ಮತ್ತೆ ಹಿಂದಕ್ಕೆ ಹೋಗುವ ತಾಳ್ಮೆ ಯಾರಿಗೂ ಇರಲಿಲ್ಲ, ಈಗ ಅದು ಹಾಜರಿ ನೋಟ್‌ಬುಕ್ಕಿನ ಮೇಲೆ ಭಾರಕ್ಕೆ ಕೂತಿದೆ. ಖರ್ಚು ಹೆಚ್ಚೇನಲ್ಲ, ಹಾಳಾದ ಸಂಜೆಗಳ ಲೆಕ್ಕ ಮಾತ್ರ ಕೇಳಬೇಡಿ.

ಆಲ್ಗಾಲ್ ಪ್ರಯೋಗ ಪರವಾಗಿಲ್ಲ. ಎರಡು ದಿನ ಇಪ್ಪತ್ತೊಂದು ಗಂಟೆಗೊಮ್ಮೆ ಮಂಕಾಗುವ ಆ ನಕ್ಷತ್ರವನ್ನು ಬರಿಗಣ್ಣಿನಲ್ಲೇ ಅಳೆಯಬಹುದು, ಬೀರು ತೆಗೆಯುವ ಅಗತ್ಯವೂ ಇಲ್ಲ. ಅದರ ಕಾಲಲೆಕ್ಕ ಹಿಡಿದ ಜಾನ್ ಗುಡ್ರಿಕ್‌ಗೆ ಆಗ, 1782–83ರಲ್ಲಿ, ಹದಿನೆಂಟು ವರ್ಷ, ಕಿವಿ ಕೇಳುತ್ತಿರಲಿಲ್ಲ. ಮೊದಲ ವರ್ಷದವರಿಗೆ ಇದನ್ನು ಹೇಳಿದರೆ ಬೆನ್ನು ನೆಟ್ಟಗಾಗುತ್ತದೆ. ಏಳು ಜನ ಶುರು ಮಾಡಿದರು, ಮೂವರು ಚಳಿಗಾಲ ಪೂರ್ತಿ ಬರೆದಿಟ್ಟರು. ಅವರ ಗ್ರಾಫಿನಲ್ಲಿ ತಗ್ಗು ಸ್ಪಷ್ಟವಾಗಿ ಕಾಣುತ್ತದೆ. ಒಬ್ಬನ ಗ್ರಾಫಿನಲ್ಲಂತೂ ಅತಿ ಸ್ಪಷ್ಟವಾಗಿತ್ತು. ವಿಚಾರಿಸಿದರೆ ಮೋಡದ ರಾತ್ರಿಯೂ ಅಳತೆ ಇತ್ತು.

ನಮ್ಮನ್ನು ನೋಡಿ ಚದುರಂಗದವರು ಗುರುವಾರ ಅದೇ ಮೆಟ್ಟಿಲ ಮೇಲೆ ನಾಲ್ಕು ಮಣೆ ಹಾಕಿದರು, ಚೆನ್ನಾಗಿ ನಡೆಯುತ್ತಿದೆ. ನಾಟಕದವರು ಕೀಲಿ ಪದ್ಧತಿ ತಂದು ಒಂದೇ ಅವಧಿಯಲ್ಲಿ ಕೈಬಿಟ್ಟರು. ತಾಲೀಮಿಗೆ ಇವತ್ತು ಇವನು ನಾಳೆ ಅವನು ಎಂದರೆ ಆಗುವುದಿಲ್ಲ, ಅಲ್ಲಿ ಒಬ್ಬ ಯಜಮಾನ ಬೇಕೇ ಬೇಕು. ಬಂದವರು ಬಂದಷ್ಟು ಹೊತ್ತು ಇದ್ದು ಹೋಗುವ ಹವ್ಯಾಸಕ್ಕೆ ಮಾತ್ರ ಇದು ಹೊಂದುತ್ತದೆ.

ಈಗಿನ ಜಗಳ ಬೇರೆ. ಹೋದ ತಿಂಗಳು ಒಂದು ಕೀಲಿ ಕಳೆಯಿತು. ನಂಬರ್ ಬೀಗ ಹಾಕೋಣ, ಪದೇ ಪದೇ ನಕಲು ಮಾಡಿಸುವ ಖರ್ಚು ತಪ್ಪುತ್ತದೆ ಎಂದು ಹುಡುಗರು. ನಂಬರನ್ನು ವಾಪಸ್ ಇಸಿದುಕೊಳ್ಳುವುದು ಹೇಗೆ ಎಂದು ನಾನು ಕೇಳಿದೆ. ಎರಡು ವಾರ ಎಳೆದಾಡಿ ಕೊನೆಗೆ ಹೊಸ ಬೀಗವನ್ನೇ ತಂದು ಹನ್ನೊಂದು ಕೀಲಿ ಮಾಡಿಸಿದರು. ದುಡ್ಡು ಹಳೇ ಟೀ ಶರ್ಟ್ ಮಾರಿ ಹುಟ್ಟಿತು, ಅದೇ ಮೊದಲ ವರ್ಷದವು, ಬಳೆ ಎಡಕ್ಕೆ ವಾಲಿದವು. ಎಕ್ಸ್‌ಎಕ್ಸ್‌ಎಲ್ ಅಳತೆಯವು ಇನ್ನೂ ಎರಡು ಉಳಿದಿವೆ.