ಹಿಮದ ನಾಡಿನಲ್ಲಿ ಮರಗೆಲಸ: ಹಳೆಯ ಕುರ್ಚಿಯನ್ನು ಬಿಗಿಗೊಳಿಸಿ ಜೀನ್ಸ್ ಪಟ್ಟಿ ಹೆಣೆಯುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಮಕ್ಕಳ ಮನೆಗೆಂದು ಅಮೆರಿಕಕ್ಕೋ ಕೆನಡಾಕ್ಕೋ ಹೋಗುವ ಹಿರಿಯರು ಹೆಚ್ಚಾಗಿ ಆರು ತಿಂಗಳ ಮಟ್ಟಿಗೆ ಹೋಗುತ್ತಾರೆ. ಆ ಅವಧಿಯಲ್ಲಿ ಚಳಿಗಾಲ ಸೇರಿಕೊಂಡರೆ ಮಿನಿಯಾಪೊಲಿಸ್, ಟೊರಾಂಟೊ, ಕ್ಯಾಲ್ಗರಿಯಂತಹ ಊರುಗಳಲ್ಲಿ ದಿನಗಟ್ಟಲೆ ಹೊಸ್ತಿಲು ದಾಟುವುದೇ ಕಷ್ಟವಾಗುತ್ತದೆ. ಹೊಲ, ಅಂಗಳ, ಅಂಗಡಿ ಎಂದು ಸದಾ ಓಡಾಡಿದ ಕೈಕಾಲುಗಳಿಗೆ ಇದು ದೊಡ್ಡ ಶಿಕ್ಷೆ. ಅದೇ ಊರುಗಳಲ್ಲಿ ಮೇಪಲ್, ಓಕ್, ಬರ್ಚ್ ಮರದ ಗಟ್ಟಿಮುಟ್ಟಾದ ಕುರ್ಚಿ ಮೇಜುಗಳನ್ನು, ಒಂದು ಸಂದು ಸಡಿಲಾಯಿತೆಂದೋ ಸೀಟು ಹರಿಯಿತೆಂದೋ, ಮನೆ ಬದಲಿಸುವವರು ರಸ್ತೆಯಂಚಿಗೆ ಇಟ್ಟು ಹೋಗುತ್ತಾರೆ. ಅಂಥದ್ದೊಂದು ಕುರ್ಚಿಯನ್ನು ಆರಿಸಿ, ಬಿಗಿಗೊಳಿಸಿ, ಹೊಸ ಸೀಟು ಹೆಣೆದು ಮನೆಗೆ ಒದಗಿಸುವ ಕೆಲಸವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ವಿವರಿಸಲಾಗಿದೆ. ಮೊದಲ ಕೆಲಸಕ್ಕೆ ಕುರ್ಚಿಯೇ ಸೂಕ್ತ ಎಂಬುದು ನನ್ನ ಅಭಿಪ್ರಾಯ: ಅದು ಮಹಡಿ ಮೆಟ್ಟಿಲಿನಲ್ಲಿ ಹೊರಲು ಹಗುರ, ಮರಗೆಲಸದ ಮುಖ್ಯ ಹಂತಗಳೆಲ್ಲ ಅದರಲ್ಲಿವೆ.

ಮೊದಲು ಗಾಳಿಯನ್ನು ಅರಿಯಿರಿ

ಇಂತಹ ಕೆಲಸ ಹೇಳಿಕೊಡುವವರು ಸಾಮಾನ್ಯವಾಗಿ ಬಣ್ಣದ ಆಯ್ಕೆಯಿಂದ ತೊಡಗುತ್ತಾರೆ. ಹಿಮದ ಊರಿನಲ್ಲಿ ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಮನೆಯೊಳಗಿನ ಗಾಳಿ ಎಷ್ಟು ಒಣಗಿದೆ ಎಂಬುದು. ಹೊರಗೆ ಹಿಮ ಬಿದ್ದಿರುವುದನ್ನು ಕಂಡು ವಾತಾವರಣ ತೇವವಾಗಿದೆ ಎಂದು ನಾವು ಭಾವಿಸುತ್ತೇವೆ. ಆದರೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 2 ಗ್ರಾಂಗಿಂತ ತುಸು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು, 20 ಡಿಗ್ರಿಯ ಗಾಳಿ ಸುಮಾರು 17 ಗ್ರಾಂ ಹಿಡಿಯುತ್ತದೆ. ಹೊರಗಿನ ಆ ಗಾಳಿ ಮನೆಯೊಳಗೆ ಬಂದು ಹೀಟರಿನಿಂದ ಬಿಸಿಯಾದಾಗ ಅದರಲ್ಲಿರುವ ನೀರು ಹೆಚ್ಚುವುದಿಲ್ಲ, ನೀರು ಹೀರುವ ದಾಹ ಮಾತ್ರ ಹೆಚ್ಚುತ್ತದೆ. ಹೀಗಾಗಿ ಜನವರಿಯಲ್ಲಿ ಅಲ್ಲಿನ ಮನೆಗಳ ಒಳಗಿನ ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು, ಶೇ 30ಕ್ಕಿಂತ ಕೆಳಗೆ, ಕೆಲವೊಮ್ಮೆ ಶೇ 20ಕ್ಕಿಂತಲೂ ಕೆಳಗೆ ಇಳಿಯುತ್ತದೆ. ತುಟಿ ಒಡೆಯುವುದು, ಚರ್ಮ ಬಿಳಿಚುವುದು ಇದರಿಂದಲೇ.

ಮರದ ಪಾಲಿಗೆ ಇದು ನಮ್ಮ ರಾಯಚೂರಿನ ಏಪ್ರಿಲ್ ತಿಂಗಳು. ಬೇಸಿಗೆಯಲ್ಲಿ ಬಾಗಿಲಿನ ಹಲಗೆಗಳು ಸಂದು ಬಿಟ್ಟು ಬೆಳಕು ತೂರುವುದನ್ನೂ, ಮಳೆ ಹಿಡಿದ ಮೇಲೆ ಅದೇ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಭುಜ ಕೊಟ್ಟು ತಳ್ಳಬೇಕಾಗುವುದನ್ನೂ ಈ ಭಾಗದ ಪ್ರತಿಯೊಬ್ಬರೂ ಬಲ್ಲರು. ಉಷ್ಣಾಂಶ ಬೇರೆಯಾದರೂ ಕಾರಣ ಒಂದೇ: ಮರ ಸುತ್ತಲ ಗಾಳಿಗೆ ನೀರು ಬಿಟ್ಟುಕೊಟ್ಟರೆ ಕುಗ್ಗುತ್ತದೆ, ಹೀರಿಕೊಂಡರೆ ಹಿಗ್ಗುತ್ತದೆ. ಕುಗ್ಗುವುದೂ ಹಿಗ್ಗುವುದೂ ಅಗಲದಲ್ಲಿ. ಮರದ ನಾರಿನ ಎಳೆಗಳ ಉದ್ದಕ್ಕೆ ಬದಲಾವಣೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಹಿಮದೂರಿನ ಮನೆಯೊಳಗೆ ಚಳಿಗಾಲದಲ್ಲಿ ಮರದ ತೇವಾಂಶ ಸುಮಾರು ಶೇ 5ಕ್ಕೆ ಇಳಿದು, ಜುಲೈನ ಹೊತ್ತಿಗೆ ಶೇ 11ರ ಆಸುಪಾಸಿಗೆ ಏರಬಹುದು. ಆಗ 40 ಸೆಂ.ಮೀ. ಅಗಲದ ಪೈನ್ ಹಲಗೆಯೊಂದು 5ರಿಂದ 6 ಮಿ.ಮೀ. ಹಿಗ್ಗುತ್ತದೆ. ಅಂಟು, ಸ್ಕ್ರೂ, ಪುಟ್ಟಿ ಇವುಗಳ ಬಗ್ಗೆ ಮುಂದೆ ಹೇಳುವುದೆಲ್ಲ ಈ 5 ಮಿ.ಮೀ.ಗೆ ಜಾಗ ಬಿಡುವ ಮಾತೇ ಆಗಿದೆ. ಆರ್ದ್ರತೆ ತೋರಿಸುವ ಪುಟ್ಟ ಮಾಪಕವೊಂದನ್ನು ಕೊಂಡು ಕೆಲಸದ ಕೋಣೆಯಲ್ಲಿಡಿ. ಗರಗಸಕ್ಕಿಂತ ಮೊದಲು ಬೇಕಾದ ಸಲಕರಣೆ ಅದು.

ಕುರ್ಚಿಯ ಆಯ್ಕೆ

ರಸ್ತೆಯಂಚಿನಲ್ಲಿ ಸಿಕ್ಕಿದ್ದೆಲ್ಲವೂ ಯೋಗ್ಯವಲ್ಲ. ಕುರ್ಚಿಯನ್ನು ತಲೆಕೆಳಗು ಮಾಡಿ ಕೆಳಭಾಗ ನೋಡಿ. ಮೇಲಿನ ಎಳೆಗಳು ಅಂಚಿನಲ್ಲಿಯೂ ಮುಂದುವರಿದಿದ್ದರೆ ಅದು ಗಟ್ಟಿ ಮರ. ಅಂಚಿನಲ್ಲಿ ಹೊಟ್ಟು ಅದುಮಿದ ಹಾಗೆ ಕಂಡರೆ ಅದು ಪಾರ್ಟಿಕಲ್ ಬೋರ್ಡ್, ಒಮ್ಮೆ ಕಿತ್ತ ಸ್ಕ್ರೂ ಅದರಲ್ಲಿ ಮತ್ತೆ ಹಿಡಿಯುವುದಿಲ್ಲ. ಸಂದುಗಳು ಅಲುಗಾಡಿದರೆ ಅಡ್ಡಿಯಿಲ್ಲ, ಕಾಲು ಎಳೆಗುಂಟ ಸೀಳಿದ್ದರೆ ಬಿಟ್ಟುಬಿಡಿ. ನಾಲ್ಕು ಪಟ್ಟಿಗಳ ಚೌಕಟ್ಟಿನ ಮೇಲೆ ಸೀಟು ಹೆಣೆದಿದ್ದ ಅಥವಾ ಸೀಟನ್ನು ಬಿಚ್ಚಿ ತೆಗೆಯಬಹುದಾದ ಕುರ್ಚಿ ಸಿಕ್ಕರೆ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತೆ. ರಸ್ತೆಯದು ಬೇಡವೆನ್ನುವವರಿಗೆ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ರೀಸ್ಟೋರ್ ಮಳಿಗೆಗಳು ಅಮೆರಿಕ ಮತ್ತು ಕೆನಡಾದ ಅನೇಕ ಊರುಗಳಲ್ಲಿವೆ. ಬಳಸಿದ ಪೀಠೋಪಕರಣ ಅಲ್ಲಿ ಕಡಿಮೆ ಬೆಲೆಗೆ ದೊರೆಯುತ್ತದೆ.

ತಿಗಣೆಯ ವಿಷಯದಲ್ಲಿ ಉದಾಸೀನ ಸಲ್ಲದು. ಸಂದುಗಳಲ್ಲಿ, ಸ್ಕ್ರೂ ತೂತುಗಳಲ್ಲಿ, ಬಟ್ಟೆ ಮಡಿಕೆಗಳಲ್ಲಿ ಕಪ್ಪು ಚುಕ್ಕೆ ಅಥವಾ ಕಂದು ಸಿಪ್ಪೆ ಕಂಡರೆ ಆ ವಸ್ತುವನ್ನು ಮನೆಯೊಳಗೆ ತರಲೇಬೇಡಿ. ಹಿಮದಲ್ಲಿ ಒಂದು ರಾತ್ರಿ ಇಟ್ಟರೆ ತಿಗಣೆ ಸಾಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ ಎಡೆಬಿಡದೆ ನಾಲ್ಕು ದಿನ ತಾಗಬೇಕು, ಹಗಲು ರಾತ್ರಿ ಏರಿಳಿಯುವ ಹೊರಗಿನ ಹವೆಯಲ್ಲಿ ಅದಕ್ಕೆ ಖಾತರಿಯಿಲ್ಲ. ಸ್ಪಂಜು ತುಂಬಿದ ಸೀಟನ್ನು ಹೊರಗೇ ಕಿತ್ತು ಎಸೆದು, ಬರಿಯ ಚೌಕಟ್ಟನ್ನು ಮಾತ್ರ ಒಳಗೆ ತರುವುದು ಕ್ಷೇಮ.

ಹಳೆಯ ಬಣ್ಣದ ಬಗ್ಗೆಯೂ ಎಚ್ಚರ ಬೇಕು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಬೆರೆಸುವುದನ್ನು 1978ರಲ್ಲಿ ನಿಷೇಧಿಸಲಾಯಿತು. ಅದಕ್ಕಿಂತ ಹಿಂದಿನ, ದಪ್ಪ ಬಣ್ಣ ಬಳಿದ ಪೀಠೋಪಕರಣವನ್ನು ಉಜ್ಜಿದರೆ ಸೀಸದ ಧೂಳು ಮನೆಯಲ್ಲಿ ಹರಡುತ್ತದೆ, ಅದು ತೆವಳುವ ಮೊಮ್ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಸಣ್ಣ ಮಕ್ಕಳಿರುವ ಮನೆಗೆ ಹಳೆಯ ಬಣ್ಣದ ವಸ್ತುವನ್ನು ತರದಿರುವುದೇ ಲೇಸು. ಬಣ್ಣವಿಲ್ಲದ, ಬರಿಯ ವಾರ್ನಿಷ್ ಇರುವ ಕುರ್ಚಿಗಳು ಸಾಕಷ್ಟು ಸಿಗುತ್ತವೆ. ಇನ್ನು ಹೊಸ ಪಟ್ಟಿ ಬೇಕಾಗಿ ಸರಕು ಸಾಗಣೆಯ ಪ್ಯಾಲೆಟ್ (ಸರಕಿನ ಅಡಿಗೆ ಇಡುವ ಮರದ ಅಟ್ಟಣೆ) ಒಡೆಯುವುದಾದರೆ ಅದರ ಮೇಲಿನ ಮುದ್ರೆ ನೋಡಿ: ಎಚ್‌ಟಿ (HT) ಎಂದಿದ್ದರೆ ಮರದ ತಿರುಳಿಗೆ 56 ಡಿಗ್ರಿಯ ಶಾಖವನ್ನು 30 ನಿಮಿಷ ಕೊಟ್ಟು ಹುಳು ನಿವಾರಿಸಲಾಗಿದೆ, ಎಂಬಿ (MB) ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಬಳಸಲಾಗಿದೆ, ಅದನ್ನು ಮುಟ್ಟಬೇಡಿ.

ಒಳಗೆ ತಂದ ಮೇಲೆ

ತಂದ ಕೂಡಲೇ ಕೆಲಸ ತೊಡಗಬಾರದು. ತಣ್ಣನೆಯ ಮರದ ಮೇಲೆ ಕೋಣೆಯ ಆವಿ ಹನಿಗಟ್ಟುವುದರಿಂದ ಮೊದಲು ಒರೆಸಿ, ಹೀಟರಿನ ಗಾಳಿ ನೇರವಾಗಿ ಬಡಿಯದ ಮೂಲೆಯಲ್ಲಿ ಒಂದೆರಡು ವಾರ ಇಡಿ. ಹೊರಗಿನ ಅಥವಾ ಗ್ಯಾರೇಜಿನ ತೇವ ಉಳಿಸಿಕೊಂಡ ಮರವನ್ನು ಆಗಲೇ ಅಂಟಿಸಿದರೆ ಅದು ಒಣಗಿ ಕುಗ್ಗುವಾಗ ಸಂದು ಮತ್ತೆ ಬಿಡುತ್ತದೆ. ಈ ಬಿಡುವಿನಲ್ಲಿ ಕುರ್ಚಿಯ ಪ್ರತಿ ಭಾಗಕ್ಕೂ ಟೇಪ್ ಅಂಟಿಸಿ ಎಡ, ಬಲ, ಮುಂದು, ಹಿಂದು ಎಂದು ಬರೆದಿಡಿ. ಬಿಚ್ಚಿದ ಮೇಲೆ ನಾಲ್ಕು ಕಾಲುಗಳೂ ಒಂದೇ ತೆರನಾಗಿ ಕಾಣುತ್ತವೆ.

ಅಲುಗಾಡುವ ಸಂದನ್ನು ಮಾತ್ರ ಬಿಚ್ಚಿ. ಬಿಗಿಯಾಗಿರುವುದನ್ನು ಬಡಿದು ಬಿಡಿಸುವುದು ಮರಕ್ಕೆ ಅನ್ಯಾಯ. ಬಹಳ ಹಳೆಯ ಕುರ್ಚಿಗಳಲ್ಲಿ ಪ್ರಾಣಿಜನ್ಯ ಸರೇಸು ಬಳಸಿರುತ್ತಾರೆ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿಟ್ಟರೆ ಅದು ಮೆತ್ತಗಾಗುತ್ತದೆ. ಅಂಟು ಯಾವುದೇ ಇರಲಿ, ತೂತಿನೊಳಗಿನ ಮತ್ತು ಕಡ್ಡಿಯ ಮೂತಿಯ ಮೇಲಿನ ಹಳೆಯ ಅಂಟನ್ನು ಉಳಿಯಿಂದ ಕೆರೆದು ಬರಿಯ ಮರ ಕಾಣುವಂತೆ ಮಾಡಬೇಕು, ಏಕೆಂದರೆ ಫೆವಿಕಾಲ್ ಬಗೆಯ ಬಿಳಿ ಅಂಟು ಮರದ ಎಳೆಯನ್ನು ಹಿಡಿಯುತ್ತದೆಯೇ ಹೊರತು ಒಣಗಿದ ಅಂಟನ್ನು ಹಿಡಿಯುವುದಿಲ್ಲ. ದುರಸ್ತಿ ಮಾಡಿದ ಕುರ್ಚಿಗಳು ತಿಂಗಳೊಳಗೆ ಮತ್ತೆ ಅಲುಗಾಡಲು ಬಹುಪಾಲು ಇದೇ ಕಾರಣ.

ಅಂಟಿನ ಡಬ್ಬಿಯನ್ನು ಗ್ಯಾರೇಜಿನಲ್ಲಿ ಇಡಬೇಡಿ. ಹೆಪ್ಪುಗಟ್ಟಿ ಕರಗಿದ ಅಂಟು ಕೆಡಬಹುದು, ಕೋಣೆ 10 ಡಿಗ್ರಿಗಿಂತ ತಣ್ಣಗಿದ್ದರೆ ಅದು ಸುಣ್ಣದಂತೆ ಬೆಳ್ಳಗಾಗಿ ಬಲ ಕಳೆದುಕೊಳ್ಳುತ್ತದೆ. ಬೆಚ್ಚಗಿನ ಒಣ ಕೋಣೆಯಲ್ಲಿ ತೊಂದರೆ ಇದರ ತಿರುಗುಮುರುಗು: ಅಂಟು ಬೇಗ ಆರುತ್ತದೆ. ಆದ್ದರಿಂದ ಒಮ್ಮೆ ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ ನೋಡಿ, ಅನಂತರ ಎರಡು ಎರಡು ಸಂದುಗಳಿಗಷ್ಟೇ ಅಂಟು ಹಚ್ಚಿ ಕೂರಿಸಿ. ಸಂದನ್ನು ಒತ್ತಿ ಹಿಡಿಯುವ ಕ್ಲ್ಯಾಂಪ್ ಇಲ್ಲದಿದ್ದರೆ ಕಾಲುಗಳ ಸುತ್ತ ಹಗ್ಗ ಎರಡು ಸುತ್ತು ಹಾಕಿ, ನಡುವೆ ಕೋಲು ತೂರಿಸಿ ತಿರುವಿ ಬಿಗಿಯುವ ನಮ್ಮ ರೈತರ ಉಪಾಯವೇ ಸಾಕು. ಹಗ್ಗ ತಾಗುವಲ್ಲಿ ಬಟ್ಟೆ ಇಡಿ. ಕುರ್ಚಿ ಸಮತಟ್ಟಾದ ನೆಲದ ಮೇಲೆ ನಾಲ್ಕೂ ಕಾಲೂರಿ ನಿಂತಿದೆಯೇ ಎಂದು ಆಗಲೇ ನೋಡಿ. ಒಂದು ದಿನ ಪೂರ್ತಿ ಅದನ್ನು ಮುಟ್ಟಬಾರದು. ಸಡಿಲವಾದ ಸ್ಕ್ರೂ ತೂತಿಗೆ ಊದುಬತ್ತಿಯ ಬಿದಿರು ಕಡ್ಡಿಗಳನ್ನು ಅಂಟಿನಲ್ಲಿ ಅದ್ದಿ ತುಂಬಿ, ಒಣಗಿದ ಮೇಲೆ ಕತ್ತರಿಸಿ ಹೊಸದಾಗಿ ತಿರುಪಿದರೆ ಗಟ್ಟಿಯಾಗಿ ಹಿಡಿಯುತ್ತದೆ.

ಬಿರುಕು ತುಂಬುವ ಮಾತು ಬಂದಾಗ ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಕಲಾವಿದರನ್ನು ನೆನೆಯಬೇಕು. ಹಗುರ ಮರದ ತುಂಡುಗಳ ಸಂದುಗಳನ್ನು ಅವರು ಹುಣಸೆ ಬೀಜದ ಅಂಟು, ಸೆಣಬು, ಮರದ ಪುಡಿಗಳಿಂದ ಮುಚ್ಚಿ ಮೂರ್ತಿಗೆ ಅಖಂಡ ಮೈ ಕೊಡುತ್ತಾರೆ. ನಾವೂ ಉಜ್ಜಿದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಮೊಳೆಯ ಗುಳಿ, ಹೊಡೆತದ ತಗ್ಗು ತುಂಬಬಹುದು. ಆದರೆ ಹಲಗೆಗಳ ನಡುವೆ ಉದ್ದಕ್ಕೆ ತೆರೆದುಕೊಂಡ ಸಂದನ್ನು ಚಳಿಗಾಲದಲ್ಲಿ ತುಂಬಬೇಡಿ. ಅದು ಜನವರಿಯ ಸಂದು. ಬೇಸಿಗೆಯಲ್ಲಿ ಮರ ಹಿಗ್ಗಿದಾಗ ಅದು ತಾನೇ ಮುಚ್ಚಿಕೊಳ್ಳುತ್ತದೆ, ಒಳಗೆ ಪುಟ್ಟಿ ತುಂಬಿದ್ದರೆ ಒಂದೋ ಪುಟ್ಟಿ ಉಬ್ಬಿ ಹೊರಬರುತ್ತದೆ, ಇಲ್ಲವೇ ಹಲಗೆಯೇ ಬೇರೆಡೆ ಸೀಳುತ್ತದೆ. ಮೇಜಿನ ಹಾಸನ್ನು ಕೂರಿಸುವಾಗಲೂ ಇದೇ ನಿಯಮ: ಅಡಿಯ ಪಟ್ಟಿಯಲ್ಲಿ ಸ್ಕ್ರೂ ತೂತನ್ನು ಉದ್ದುದ್ದಕ್ಕೆ ಕೊರೆದು ಹಾಸು ಸರಿದಾಡಲು ಬಿಡಬೇಕು, ಸೆಳೆಖಾನೆಗೆ ಪಕ್ಕದಲ್ಲಿ 2-3 ಮಿ.ಮೀ. ಸಡಿಲ ಇಡಬೇಕು.

ಉಜ್ಜುವುದು, ಬಳಿಯುವುದು

ಒರಟಿನಿಂದ ನಯದ ಕಡೆಗೆ 80, 120, 180, 220 ಎಂಬ ಸಂಖ್ಯೆಗಳ ಕ್ರಮದಲ್ಲಿ ಸ್ಯಾಂಡ್‌ಪೇಪರನ್ನು ಎಳೆಗುಂಟ ಉಜ್ಜಬೇಕು. ನಡುವೆ ಒಂದನ್ನು ಬಿಟ್ಟರೆ ಹಿಂದಿನದರ ಗೀರು ವಾರ್ನಿಷ್ ಬಳಿದ ಮೇಲೆ ಎದ್ದು ಕಾಣುತ್ತದೆ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ಕಿಟಕಿ ಮುಚ್ಚಿದ ಮನೆಯಲ್ಲಿ ಎನ್95 ಮುಖಗವಸು ಧರಿಸಿ, ಯಂತ್ರ ಬಿಟ್ಟು ಕೈಯಿಂದಲೇ ಉಜ್ಜಿ, ಕೋಣೆಯ ಗಾಳಿಯನ್ನು ಫರ್ನೇಸಿಗೆ (ಮನೆಯನ್ನೆಲ್ಲ ಬಿಸಿ ಮಾಡುವ ಒಲೆಗೆ) ಹಿಂದಕ್ಕೆ ಎಳೆಯುವ ಜಾಲರಿಯನ್ನು ಆ ಹೊತ್ತಿಗೆ ಮುಚ್ಚಿಡಿ, ಇಲ್ಲದಿದ್ದರೆ ಧೂಳು ಮನೆಯೆಲ್ಲ ಸುತ್ತುತ್ತದೆ.

ಮೇಲ್ಲೇಪಕ್ಕೆ ನೀರು ಆಧಾರಿತ ಪಾಲಿಯುರೆಥೇನ್ ವಾರ್ನಿಷ್ ಒಂದನ್ನೇ ನಾನು ಸೂಚಿಸುತ್ತೇನೆ. ತೆಳುವಾಗಿ ಮೂರು ಸಲ ಬಳಿದು, ಪ್ರತಿ ಸಲವೂ ಒಣಗಿದ ಮೇಲೆ ನಯವಾದ ಕಾಗದದಿಂದ ಲಘುವಾಗಿ ಉಜ್ಜಿ ಒರೆಸಿ. ಟರ್ಪೆಂಟೈನ್, ಥಿನ್ನರ್‌ಗಳಂಥವನ್ನು ಬೇಸ್‌ಮೆಂಟಿನಲ್ಲಿ ತೆರೆಯಲೇಬಾರದು. ಅಲ್ಲೇ ಉರಿಯುವ ಗ್ಯಾಸ್ ಫರ್ನೇಸಿನ, ನೀರು ಕಾಯಿಸುವ ಯಂತ್ರದ ಜ್ವಾಲೆಗೆ ಅವುಗಳ ಆವಿ ತಗುಲಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅಗಸೆ ಎಣ್ಣೆಯ ಲೇಪ ನಮ್ಮ ಕಡೆಯವರಿಗೆ ಪ್ರಿಯವಾದೀತು, ಮರಕ್ಕೂ ಚೆಂದವೇ. ಆದರೆ ಆ ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಎಸೆದರೆ ಅದು ಒಣಗುತ್ತ ತನ್ನೊಳಗೇ ಶಾಖ ಹುಟ್ಟಿಸಿಕೊಂಡು ತಾನಾಗಿ ಹೊತ್ತಿ ಉರಿಯಬಲ್ಲದು. ಬಳಸಿದರೆ ಚಿಂದಿಯನ್ನು ನೀರಿನಲ್ಲಿ ಮುಳುಗಿಸಿ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಇಡಿ.

ಜೀನ್ಸ್ ಪಟ್ಟಿಯ ಸೀಟು

ನವಾರು ಹೆಣೆದ ಹೊರಸು ಗೊತ್ತಿದ್ದವರಿಗೆ ಈ ಕೆಲಸ ಹೊಸದಲ್ಲ. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯವರಿಗಂತೂ ಆ ಬಟ್ಟೆಯ ಗಟ್ಟಿತನವನ್ನು ಹೇಳಿಕೊಡಬೇಕಿಲ್ಲ. ಮಗ, ಸೊಸೆ, ಮೊಮ್ಮಕ್ಕಳ ಕಪಾಟಿನಲ್ಲಿ ಹಾಕದೆ ಉಳಿದ ಪ್ಯಾಂಟುಗಳು ಇದ್ದೇ ಇರುತ್ತವೆ. ಒಳಗಿನ ಚೀಟಿ ನೋಡಿ ಪೂರ್ತಿ ಹತ್ತಿಯದನ್ನೇ ಆರಿಸಿ. ಎಲಾಸ್ಟೇನ್ ಅಥವಾ ಸ್ಪ್ಯಾಂಡೆಕ್ಸ್ ಬೆರೆತ ಬಟ್ಟೆ ಕೂತಷ್ಟೂ ಜೋಲುತ್ತದೆ. 40 ಸೆಂ.ಮೀ. ಚೌಕದ ಸೀಟಿಗೆ ದೊಡ್ಡವರ ಮೂರು ನಾಲ್ಕು ಪ್ಯಾಂಟು ಬೇಕಾಗುತ್ತವೆ.

ಪ್ಯಾಂಟಿನ ಕಾಲನ್ನು ಉದ್ದಕ್ಕೆ, 7.5 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ. ಅಡ್ಡಕ್ಕೆ ಕತ್ತರಿಸಬಾರದು, ಏಕೆಂದರೆ ಬಟ್ಟೆಯ ಬಲವಾದ ಹಾಸು ನೂಲು ಕಾಲಿನ ಉದ್ದಕ್ಕೇ ಇರುತ್ತದೆ. ಪಟ್ಟಿಗಳ ತುದಿಗಳನ್ನು ಓರೆಯಾಗಿ ಜೋಡಿಸಿ ಹೊಲಿದು, ಮೂರು ಮಡಿಕೆ ಮಾಡಿ ಇಸ್ತ್ರಿ ಹಾಕಿ, ನಡುವೆ ಒಂದು ಹೊಲಿಗೆ ಓಡಿಸಿದರೆ 2.5 ಸೆಂ.ಮೀ. ಅಗಲದ ಗಟ್ಟಿ ಪಟ್ಟಿ ಸಿದ್ಧ. ಒಟ್ಟು ಸುಮಾರು 29 ಮೀಟರ್ ಬೇಕು: ಒಂದು ದಿಕ್ಕಿಗೆ 16 ಸುತ್ತು, ಸುತ್ತಿಗೆ 90 ಸೆಂ.ಮೀ.ಯಂತೆ ಎರಡು ದಿಕ್ಕಿಗೆ.

ಮೊದಲ ತುದಿಯನ್ನು ಹಿಂದಿನ ಪಟ್ಟಿಯ ಒಳಮೈಗೆ ಎರಡು ಚಿಕ್ಕ ಮೊಳೆಗಳಿಂದ ಭದ್ರಪಡಿಸಿ, ಹಿಂದಿನಿಂದ ಮುಂದಕ್ಕೆ ಮೇಲೂ ಕೆಳಗೂ ಸುತ್ತುತ್ತ ಹಾಸು, ಅಂದರೆ ಉದ್ದನೆಯ ಸಾಲುಗಳನ್ನು, ತುಂಬಿ. ಈ ಸುತ್ತನ್ನು ಪೂರ್ತಿ ಬಿಗಿಯಬೇಡಿ. ಅಂಗೈ ಒತ್ತಿದರೆ ತುಸು ತಗ್ಗುವಷ್ಟು ಸಡಿಲ ಇರಲಿ, ಹೊಕ್ಕು, ಅಂದರೆ ಅಡ್ಡ ಸಾಲು, ಹೆಣೆದಂತೆ ಆ ಸಡಿಲ ತಾನೇ ಮಾಯವಾಗುತ್ತದೆ. ಅನಂತರ ಹೊಕ್ಕಿನ ಪಟ್ಟಿಯನ್ನು ಒಂದರ ಮೇಲೆ, ಒಂದರ ಕೆಳಗೆ ದಾಟಿಸುತ್ತ, ಅದೇ ರೀತಿ ತಳದಲ್ಲಿಯೂ ಹೆಣೆಯಿರಿ. ತಳವನ್ನು ಹೆಣೆಯದೆ ಬಿಟ್ಟರೆ ಬಟ್ಟೆ ಉಳಿಯುತ್ತದೆ, ಆದರೆ ಭಾರ ಹೊರುವ ಶಕ್ತಿ ತಗ್ಗುತ್ತದೆ, ನಾನಂತೂ ಅದನ್ನು ಒಪ್ಪಲಾರೆ. ಪ್ರತಿ ಸಾಲನ್ನೂ ಮರದ ಚಮಚದ ಹಿಡಿಯಿಂದ ಹಿಂದಿನ ಸಾಲಿಗೆ ಒತ್ತಿ ನೇರ ಮಾಡಿ. ಕೊನೆಯ ಸಾಲುಗಳಲ್ಲಿ ಬೆರಳು ತೂರುವುದಿಲ್ಲ. ದಪ್ಪ ಪಿನ್ನಿಗೆ ಪಟ್ಟಿಯ ತುದಿ ಸಿಕ್ಕಿಸಿ ಎಳೆಯಬೇಕು. ತುದಿಯನ್ನು ತಳದಲ್ಲಿ ಪಕ್ಕದ ಪಟ್ಟಿಗೆ ಕೈಹೊಲಿಗೆಯಿಂದ ಹೊಲಿದುಬಿಡಿ, ಮೊಳೆ ಹೊಡೆಯಬೇಡಿ.

ಹೀಗೆ ಮಾಡಿದ್ದನ್ನು ಮನೆಯಲ್ಲಿ ಬಳಸಿ, ಬಂಧುಗಳಿಗೆ ಕೊಡಿ. ಆದರೆ ಮಾರಾಟಕ್ಕೆ ಇಳಿಯಬೇಡಿ, ಪ್ರವಾಸಿ ವೀಸಾದಲ್ಲಿ ಹೋದವರು ಅಲ್ಲಿ ದುಡಿಮೆ ಮಾಡುವಂತಿಲ್ಲ. ವಾರ್ನಿಷ್ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕಾದ್ದರಿಂದ ಅಲ್ಲಿಯವರೆಗೆ ಕುರ್ಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ಕೆಲವು ವಾರ ಕೂತ ಮೇಲೆ ಸೀಟು ಒಂದಿಷ್ಟು ತಗ್ಗುವುದು ಸಹಜ. ಆಗ ತಳದ ಕೈಹೊಲಿಗೆ ಬಿಚ್ಚಿ, ಸಡಿಲವನ್ನು ಮೊದಲ ಸಾಲಿನಿಂದ ಸಾಲುಸಾಲಾಗಿ ಎಳೆದು ತಂದು, ಹೆಚ್ಚಾದ ತುಂಡನ್ನು ಕತ್ತರಿಸದೆ ಒಳಗೇ ಮಡಿಸಿ ಮತ್ತೆ ಹೊಲಿಯಲು ಮಕ್ಕಳಿಗೆ ತೋರಿಸಿಕೊಟ್ಟು ಬನ್ನಿ.