ಪಿನ್ ಕೂತರೆ ಸಾಲದು: ರೌಟರಿಗೆ ಹೊಸ ಅಡಾಪ್ಟರ್ ತಂದ ಅನುಭವ

ಮೂಡಿಗೆರೆ ಕಡೆ ಏಪ್ರಿಲ್ ಗುಡುಗು-ಸಿಡಿಲು ಶುರುವಾದರೆ ಎಷ್ಟೋ ಮನೆಗಳಲ್ಲಿ ವೈಫೈ ರೌಟರಿನ ಅಡಾಪ್ಟರ್ ಹೋಗುತ್ತದೆ. ಈ ಸಲ ನಮ್ಮದೂ ಹೋಯಿತು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿದರೆ ಪಿನ್ನಿನಲ್ಲಿ ಸೊನ್ನೆ.

ಅಪ್ಪ ಹಳೇ ಅಡಾಪ್ಟರುಗಳ ಡಬ್ಬಿ ತಂದು, "ಇದರಲ್ಲಿ ಯಾವುದಾದ್ರೂ ಕೂರುತ್ತಾ ನೋಡೋ" ಅಂದರು. ಎರಡು ಸಲೀಸಾಗಿ ಕೂರುತ್ತಿದ್ದವು. ಆದರೆ ಪಿನ್ ಕೂರುತ್ತದಾ ಅನ್ನೋದನ್ನು ನಾನು ನೋಡುವುದು ಕೊನೆಗೆ. ಮೊದಲು ಲೇಬಲ್.

ರೌಟರಿನ ತಳದಲ್ಲಿ 12 ವೋಲ್ಟ್, 1 ಆಂಪಿಯರ್ ಅಂತಿತ್ತು. ಪಕ್ಕದಲ್ಲಿ ಒಂದು ಗೆರೆ, ಅದರ ಕೆಳಗೆ ಚುಕ್ಕಿಗೆರೆ. ಅಂದರೆ ಡಿಸಿ, ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟು. ಡಬ್ಬಿಯಲ್ಲಿದ್ದ ಒಂದು ಅಡಾಪ್ಟರ್ 12 ವೋಲ್ಟಿನದೇ, ಆದರೆ ಔಟ್‌ಪುಟ್ ಪಕ್ಕ ಅಲೆಯ ಗುರುತು. ಅದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ಬೇಡ. ಇನ್ನೊಂದು ಹಳೇ ಮ್ಯೂಸಿಕ್ ಕೀಬೋರ್ಡಿನ 9 ವೋಲ್ಟಿನದು. ಲೇಬಲ್ಲಿನ ಪುಟ್ಟ ಚಿತ್ರದಲ್ಲಿ ನಡುವಿನ ಚುಕ್ಕಿಗೆ ಮೈನಸ್ ತೋರಿಸಿತ್ತು. ನಮ್ಮ ರೌಟರಿಗೆ ನಡುವೆ ಪ್ಲಸ್ ಬೇಕು. ಉಲ್ಟಾ ಆದರೆ ಒಳಗಿನ ಬೋರ್ಡೇ ಸುಡಬಹುದು.

ಚಿಕ್ಕಮಗಳೂರಿನ ಐ.ಜಿ. ರಸ್ತೆಗೆ ಹೋದೆವು. 12 ವೋಲ್ಟ್, 2 ಆಂಪಿಯರಿನದು ಸಿಕ್ಕಿತು. "ಆಂಪಿಯರ್ ಜಾಸ್ತಿ ಆದ್ರೆ ಸುಟ್ಟು ಹೋಗಲ್ವಾ?" ಅಂದರು ಜೊತೆಗಿದ್ದ ಭಾವ. ಇಲ್ಲ. ಹಂಡೆ ತುಂಬ ನೀರಿದ್ದರೂ ನಾವು ಮೊಗೆಯುವುದು ಬೇಕಾದಷ್ಟೇ ಅಲ್ವಾ? ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಕಡಿಮೆ ಆದರೆ ಅಡಾಪ್ಟರ್ ಬಿಸಿಯಾಗುತ್ತದೆ, ರೌಟರ್ ಆಗಾಗ ಆಫ್ ಆಗುತ್ತದೆ.

ಅಂಗಡಿಯವರು ಇನ್ನೂ ಅಗ್ಗದ್ದೊಂದು ತೋರಿಸಿದರು. ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತೇ ಇರಲಿಲ್ಲ. ಇಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಅಡಾಪ್ಟರಿನ ಒಂದು ಕಡೆ 230 ವೋಲ್ಟ್, ಇನ್ನೊಂದು ಕಡೆ ನಾವು ಕೈಯಲ್ಲಿ ಹಿಡಿಯುವ ಪಿನ್. ನಡುವೆ ಇರುವುದು ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್, ಸ್ವಲ್ಪ ಜಾಗ, ಸ್ವಲ್ಪ ಇನ್ಸುಲೇಶನ್. ಅಲ್ಲಿ ಕಾಸು ಉಳಿಸಿದ್ದರೆ ಹೊರಗಿಂದ ಗೊತ್ತಾಗಲ್ಲ. ಕೆಟ್ಟರೆ ಮೇನ್ಸ್ ಕರೆಂಟೇ ಪಿನ್ನಿಗೆ ಬರಬಹುದು. ಮನೆಯಲ್ಲಿ ಮಕ್ಕಳಿದ್ದಾರೆ. ನಾನು ಆರಿಸಿದ್ದರ ಮೇಲೆ ಐಎಸ್ 13252 ಅನ್ನೋ ಸುರಕ್ಷತಾ ಮಾನದಂಡದ ನಂಬರೂ, ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ನಂಬರೂ ಇತ್ತು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನೋಂದಣಿ ನಂಬರ್ ಹಾಕಿದೆ. ಬಂದ ಕಂಪನಿ ಹೆಸರು, ಲೇಬಲ್ಲಿನ ಹೆಸರು ಎರಡೂ ಒಂದೇ. ದುಡ್ಡು ಕೊಟ್ಟು ಬಿಲ್ ತೆಗೆದುಕೊಂಡೆ.

ಪಿನ್ ಹೊರಗೆ 5.5 ಮಿ.ಮೀ. ಇದ್ದರೂ ಒಳಗಿನ ತೂತು 2.1 ಅಥವಾ 2.5 ಇರುತ್ತದೆ. 2.1ರ ಜಾಗಕ್ಕೆ 2.5 ಹಾಕಿದರೆ ಹೋಗುತ್ತದೆ, ಆದರೆ ಲೂಸ್ ಆಗಿ ಕಿಡಿ ಹಾರುತ್ತದೆ. ಹಾಗಾಗಿ ಹಳೇ ಅಡಾಪ್ಟರನ್ನೇ ಅಂಗಡಿಗೆ ಒಯ್ದಿದ್ದೆ.

ಮನೆಗೆ ಬಂದು, ರೌಟರಿಗೆ ಹಾಕುವ ಮೊದಲು ಮೀಟರನ್ನು ಡಿಸಿ 20ಕ್ಕೆ ತಿರುಗಿಸಿ, ಕೆಂಪು ಕಡ್ಡಿ ತೂತಿನೊಳಗೆ, ಕಪ್ಪು ಹೊರಗಡೆ ಇಟ್ಟೆ. 12.1 ಬಂತು, ಮೈನಸ್ ಇಲ್ಲ. ಅಂದರೆ ನಡುವೆ ಪ್ಲಸ್ಸೇ. ಆಮೇಲೆ ಸಿಕ್ಕಿಸಿದೆ. ಒಂದು ಗಂಟೆ ಬಿಟ್ಟು ಮುಟ್ಟಿದರೆ ಬರೀ ಬೆಚ್ಚಗಿತ್ತು. ಕೈ ಇಡಲಾರದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಬಿಲ್ ಹಿಡಿದು ಅವತ್ತೇ ವಾಪಸ್ ಕೊಡಿ.